ಮೇಲಿನ ಎಲೆ ಹಸಿರು

ಫೆಬ್ರವರಿ 22, ಬೆಳಿಗ್ಗೆ 7.20

ಗಿಡ ನೋಡಿ ಬಂದೆ. ಎರಡರಲ್ಲೂ ಕೆಳಗಿನ ಎಲೆ ಹಳದಿಗೆ ತಿರುಗಿದೆ. ನರಗಳು ಮಾತ್ರ ಹಸಿರು. ಡೆಸ್‌ನ ಮಂಚದ ಪಕ್ಕ ನಿಂತು ಅಷ್ಟನ್ನೇ ಹೇಳಿದೆ, ಶಾಲೆಯಲ್ಲಿ ಪಾಠ ಒಪ್ಪಿಸಿದ ಹಾಗೆ.

"ಹಳೇ ಎಲೆನಾ, ಹೊಸದಾ?"

"ಹಳೇದು. ಕೆಳಗಿನ ಎರಡು ಸುತ್ತು."

"ಹಳದಿ ಅಂಚಿಂದ ಶುರುವಾಗಿದೆಯಾ, ನಡುವಿಂದಾನಾ?"

"ಅದನ್ನ ನೋಡಲಿಲ್ಲ."

"ಹೋಗಿ ನೋಡ್ಕೊಂಡು ಬಾ ವಸ್. ನಾನೇನೂ ಎದ್ದು ಓಡಿಹೋಗಲ್ಲ."

ಮತ್ತೆ ಶೆಡ್ಡಿನ ಹಿಂದಕ್ಕೆ ಹೋದೆ. ನಡುವಿನಿಂದ. ಮೆಗ್ನೀಸಿಯಂ ಸಾಲುತ್ತಿಲ್ಲ ಅಂದ. ಒಂದು ಬಕೆಟ್ ನೀರಿಗೆ ಒಂದು ಚಮಚ ಎಪ್ಸಮ್ ಉಪ್ಪು. "ಒಂದೇ ಚಮಚ. ನಿನ್ನ ಲೆಕ್ಕದ ಒಂದಲ್ಲ."

ಇಪ್ಪತ್ತಾರು ವರ್ಷ ನರ್ಸರಿಯ ಕೌಂಟರಿನ ಹಿಂದೆ ನಿಂತವನು ನನ್ನ ಗಂಡ. ಜನ ಪ್ಲಾಸ್ಟಿಕ್ ಚೀಲದಲ್ಲಿ ಒಂದು ಎಲೆ ಹಿಡಿದು ಬರುತ್ತಿದ್ದರು, ಇವನು ಚೀಲ ಬಿಚ್ಚುವ ಮೊದಲೇ ಇವೇ ಪ್ರಶ್ನೆ ಕೇಳುತ್ತಿದ್ದ. ಈಗ ಕ್ಯಾನ್ಸರಿನ ಔಷಧಿಯಿಂದ ಬಿಳಿ ರಕ್ತಕಣ ಕಡಿಮೆ. ಮಣ್ಣು ಮುಟ್ಟುವಂತಿಲ್ಲ. ಕೋಣೆಯೊಳಗೆ ಎಲೆಯನ್ನೂ ತರಬೇಡಿ ಅಂದಿದ್ದಾರೆ ಡಾಕ್ಟರ್. ಫೋನಿನ ಪರದೆ ನೋಡಿದರೆ ವಾಂತಿ. ಹಾಗಾಗಿ ಕಣ್ಣು ನನ್ನದು, ತಲೆ ಅವನದು.

ಫೆಬ್ರವರಿ 25

ಹಳದಿ ಮೇಲಕ್ಕೆ ಏರಿಲ್ಲ. ನಾನು ಎಷ್ಟು ಹಿಗ್ಗಿದೆನೆಂದರೆ ನನಗೇ ನಾಚಿಕೆ ಆಯಿತು.

ಫ್ರೀಜರಿನಲ್ಲಿ ಹೋದ ವರ್ಷದ ಗಾಂಜಾ ಹೂ ಹಾಕಿ ಕಾಯಿಸಿದ ಹಸಿರು ಬೆಣ್ಣೆ ಎರಡು ಬೆರಳಿನಷ್ಟು ಉಳಿದಿದೆ. ಟೋಸ್ಟಿನ ಮೇಲೆ ತೆಳ್ಳಗೆ ಸವರಿ ಕೊಟ್ಟರೆ ಒಂದು ಗಂಟೆಯಲ್ಲಿ ಅವನಿಗೆ ಹಸಿವಾಗುತ್ತದೆ. ಅದಿಲ್ಲದ ದಿನ ನೀರೂ ನಿಲ್ಲುವುದಿಲ್ಲ. ಡಾಕ್ಟರ್ ಬರೆದುಕೊಟ್ಟ ಗಾಂಜಾ ಹನಿ ತೆಗೆದುಕೊಂಡಾಗ ಎರಡು ದಿನ ಗೋಡೆ ಹಿಡಿದುಕೊಂಡು ನಡೆದ. "ನನ್ನ ಗಿಡದ್ದೇ ಸಾಕು, ಅದಕ್ಕೂ ನಂಗೂ ಪರಿಚಯ ಇದೆ" ಅಂದ. ಏಪ್ರಿಲ್ ನಡುವಿಗೆ ಕೊಯ್ಲು. ಅಲ್ಲಿಯವರೆಗೆ ಈ ಎರಡು ಬೆರಳು.

ಇಲ್ಲಿ ಕ್ಯಾನ್‌ಬೆರಾದಲ್ಲಿ ತಲೆಗೆ ಎರಡು ಗಿಡ ಬೆಳೆಸಬಹುದು. ನನ್ನ ಪಾಲಿನ ಎರಡನ್ನೂ ಹಾಕೋಣ ಅಂತ ಅಕ್ಟೋಬರಿನಲ್ಲೇ ಕೇಳಿದ್ದ. ಬೇಡ ಅಂದೆ. ಯಾಕೆ ಬೇಡ ಅಂದೆ? ಕಾನೂನು ಒಪ್ಪಿದರೂ ನನ್ನ ಹೆಸರಿನಲ್ಲಿ ಗಾಂಜಾ ಬೇಡ ಅನ್ನಿಸಿತ್ತು. ಮೈಸೂರು ಬಿಟ್ಟು ಇಪ್ಪತ್ತೆರಡು ವರ್ಷ. ಆದರೂ ಯಾರೋ ನೋಡುತ್ತಾರೆ ಅನ್ನುವ ಭಯ.

ಮಾರ್ಚ್ 4

ಎಲೆಯ ತುದಿ ಕಂದಾಗಿ ಕೊಕ್ಕೆಯ ಹಾಗೆ ಬಾಗಿದೆ. ಹೇಳಿದೆ.

"ಎಷ್ಟು ಗೊಬ್ಬರ ಹಾಕ್ದೆ?"

"ನೀನು ಹೇಳಿದಷ್ಟು."

"ವಸ್."

"...ಅದರ ಎರಡರಷ್ಟು. ಹೂ ಬಿಡ್ತಿದೆ, ಪಾಪ, ಶಕ್ತಿ ಬೇಕಲ್ಲ ಅಂತ."

ನಕ್ಕ. ನಗು ಕೆಮ್ಮಾಯಿತು. "ಗಿಡಕ್ಕೂ ನಿಮ್ಮಮ್ಮನ ಥರ ಬಡಿಸಿದ್ಯಾ? ಸಾಕು ಅಂದ್ರೂ ಇನ್ನೊಂದು ಸೌಟು! ಎಲೆ ಸುಟ್ಟಿದೆ ಅಷ್ಟೆ. ಬರೀ ನೀರು ಹಾಕು, ಬುಡದಿಂದ ಹರಿದುಹೋಗೋ ತನಕ. ನೋಡು, ನಿಜ ಹೇಳಿದ ತಕ್ಷಣ ಔಷಧಿ ಸಿಕ್ತು."

ಮಾರ್ಚ್ 11

ಬೇಲಿಯಾಚೆಯಿಂದ ಮಿಲ್ಕಾ ಕೂಗಿದರು. ಎಪ್ಪತ್ತಾರು ವರ್ಷ, ಕ್ರೊಯೇಷಿಯಾದವರು, ಹಿತ್ತಲ ತುಂಬ ದ್ರಾಕ್ಷಿ ಚಪ್ಪರ.

"ನಿನ್ನ ಗಿಡ ನಮ್ಮನೆ ತನಕ ನಾರ್ತಿದೆ ಮಗಳೇ! ಒಣಗಹಾಕಿದ ಕೋಟ್ ಹಾಕ್ಕೊಂಡು ಚರ್ಚಿಗೆ ಹೋದ್ರೆ ಪಾದ್ರಿ ನನ್ನೇ ನೋಡ್ತಾರೆ."

"ಕ್ಷಮಿಸಿ ಮಿಲ್ಕಾ."

"ಕ್ಷಮಿಸೋದೇನು, ಇಷ್ಟು ವರ್ಷಕ್ಕೆ ಒಬ್ಬ ಗಂಡಸು ನೋಡ್ದ. ಡೆಸ್ ಹೇಗಿದ್ದಾನೆ?"

ಚೆನ್ನಾಗಿದ್ದಾನೆ ಅಂದೆ. ಬಾಯಿಗೆ ಅದೇ ಬರುತ್ತದೆ.

ಒಳಗೆ ಡೆಸ್‌ಗೂ ವಾಸನೆ ಬರುತ್ತದಂತೆ. ಕಿಟಕಿ ಪೂರ್ತಿ ಮುಚ್ಚಬೇಡ ಅನ್ನುತ್ತಾನೆ. ಇಂದು ಅವನ ತೂಕ ಐವತ್ತೆಂಟು ಕೆಜಿ.

ಮಾರ್ಚ್ 19, ಬೆಳಿಗ್ಗೆ 7

ಮೂರು ದಿನದಿಂದ ಮಳೆ. ಗಿಡಗಳು ತೊಯ್ದು ಬಾಗಿವೆ. ಎಡಗಡೆಯ ಗಿಡದ ನೆತ್ತಿಯ ದಪ್ಪ ಹೂಗೊಂಚಲಿನಲ್ಲಿ ಒಂದು ಪುಟ್ಟ ಎಲೆ ಕಂದಾಗಿ ಒಣಗಿದೆ. ಒಂದೇ ಒಂದು. ಸುತ್ತ ಎಲ್ಲ ಹಸಿರು. ಎಳೆದರೆ ಸಲೀಸಾಗಿ ಬಂತು, ಬೆಣ್ಣೆಯಿಂದ ಕೂದಲು ತೆಗೆದ ಹಾಗೆ.

ಹನ್ನೊಂದಕ್ಕೆ ಆಸ್ಪತ್ರೆ. ಬಂದ ಮೇಲೆ ಹೇಳುತ್ತೇನೆ.

ಅದೇ ದಿನ, ಸಂಜೆ 4

ಸ್ಕ್ಯಾನ್ ನೋಡಿ ಡಾಕ್ಟರ್ ಪೆನ್ನು ಕೆಳಗಿಟ್ಟರು. ಇನ್ನು ಔಷಧಿ ನಿಲ್ಲಿಸೋಣ, ನೆಮ್ಮದಿಯಾಗಿಡೋಣ. ಮನೆಗೆ ಬಂದು ಮಲಗಿಸಿ ಹೊದಿಕೆ ಸರಿಮಾಡುವಾಗ ಕೇಳಿದ.

"ಬೆಳಿಗ್ಗೆ ರಿಪೋರ್ಟ್ ಕೊಡಲೇ ಇಲ್ಲ. ಮೇಲೆ ಹೇಗಿದೆ?"

"ಹಸಿರು" ಅಂದೆ. "ಮೇಲಿನ ಎಲೆ ಎಲ್ಲ ಹಸಿರು."

"ಅಬ್ಬಾ. ಅದೊಂದಾದ್ರೂ."

ಒಂದು ಎಲೆ ತಾನೆ. ಇವತ್ತು ಆ ಕೋಣೆಗೆ ಇನ್ನೊಂದು ಕೆಟ್ಟ ಮಾತು ಹೊತ್ತುಕೊಂಡು ಹೋಗಲು ನನ್ನಿಂದ ಆಗಲಿಲ್ಲ. ಇಲ್ಲಿ ಬರೆಯುತ್ತಿದ್ದೇನೆ, ಅವನು ಓದಲಾಗದ ಲಿಪಿಯಲ್ಲಿ. ಇಂಗ್ಲಿಷ್ ಮೀಡಿಯಮ್ಮಿನ ಕನ್ನಡ, ಒತ್ತಕ್ಷರ ಇನ್ನೂ ತಪ್ಪುತ್ತದೆ. ನಿಜ ಮಾತ್ರ ತಪ್ಪುವುದಿಲ್ಲ.

ಮಾರ್ಚ್ 22

ಅದೇ ಗೊಂಚಲಿನಲ್ಲಿ ಇನ್ನೂ ಎರಡು ಎಲೆ. ಪಕ್ಕದ ಗೊಂಚಲಿನಲ್ಲಿ ಒಂದು. ಕಿತ್ತು ಜೇಬಿಗೆ ಹಾಕಿಕೊಂಡೆ.

"ಮೂರು ದಿನದಿಂದ ಒಂದು ತಪ್ಪೂ ಇಲ್ವಲ್ಲ" ಅಂದ. "ಗಿಡ ಅಂದ್ಮೇಲೆ ಏನಾದ್ರೂ ಇರಬೇಕು."

"ನಾನು ಕಲಿತಿದೀನಿ ಅಂತ ಒಪ್ಕೋ."

"ಒಪ್ಕೊಂಡೆ ಮೇಡಂ."

ಬೆಣ್ಣೆ ಒಂದು ಬೆರಳು. ಅರ್ಧ ಟೋಸ್ಟ್ ತಿಂದ, ನಾಲ್ಕು ಚಮಚ ಸೂಪ್.

ಮಾರ್ಚ್ 27, ಬೆಳಿಗ್ಗೆ 10

ನೆತ್ತಿಯ ಗೊಂಚಲು ಬಾಡಿದೆ. ಈಗ ಡೆಸ್‌ನನ್ನು ಹೇಗೆ ಕೇಳಲಿ? ಎಂಟು ದಿನದ ಹಸಿರಿನ ಮೇಲೆ ಈ ಮಾತನ್ನು ಎಲ್ಲಿಡಲಿ? ಮಿಲ್ಕಾ ಅವರನ್ನು ಕರೆದೆ.

ಅವರು ಎಲೆಯನ್ನು ನೋಡಲೇ ಇಲ್ಲ. ಗೊಂಚಲನ್ನು ಎರಡು ಹೆಬ್ಬೆರಳಿನಿಂದ ಸೀಳಿದರು. ಒಳಗೆಲ್ಲ ಬೂದಿ. ಬೂದು ಬಣ್ಣದ ನವಿರು ನೂಲು, ಊದಿದರೆ ಹೊಗೆಯಂತೆ ಹಾರಿತು. ಇನ್ನೊಂದು ಸೀಳಿದರು. ಇನ್ನೊಂದು. ಬಲಗಡೆಯ ಗಿಡದಲ್ಲೂ. ಎರಡೂ ಮೈಗೆ ಮೈ ತಾಗಿಸಿ ನಿಂತಿದ್ದವು.

"ದ್ರಾಕ್ಷಿಗೂ ಇದೇ ಬರೋದು. ಮಳೆ ಆದ್ಮೇಲೆ ಗೊಂಚಲಲ್ಲಿ ಒಂದೇ ಒಂದು ಹಣ್ಣು ಸುಕ್ಕಾಗುತ್ತೆ. ಅವತ್ತೇ ಆ ಗೊಂಚಲು ಕತ್ತರಿಸಿ ಬಿಸಾಕ್ಬೇಕು. ಮೊದಲ ಎಲೆ ಒಣಗಿದ್ದು ಯಾವಾಗ?"

"ಹೋದ ವಾರ. ಎಂಟು ದಿನ."

"ಡೆಸ್‌ಗೆ ಹೇಳಿದ್ಯಾ?"

ಇಲ್ಲ ಅಂದೆ.

"ಅಯ್ಯೋ ಹುಚ್ಚಿ. ಒಂದು ಗೊಂಚಲಲ್ಲಿ ಮುಗೀತಿತ್ತಲ್ಲೇ."

ಚೆನ್ನಾಗಿರುವುದನ್ನು ಆರಿಸಬಹುದಾ ಅಂದೆ. ಅವರು ನನ್ನ ಕೈ ಹಿಡಿದು ತಮ್ಮ ಏಪ್ರನ್ನಿಗೆ ಒರೆಸಿದರು. "ಅವನ ಮೈಯಲ್ಲಿ ಹೋರಾಡೋಕೆ ಏನಿದೆ? ಬೂಸ್ಟು ಇದು. ಒಂದು ಚೂರೂ ಬೇಡ. ಸ್ನಾನ ಮಾಡಿ, ಬಟ್ಟೆ ಬದಲಾಯಿಸಿ, ಆಮೇಲೆ ಅವನ ಹತ್ತಿರ ಹೋಗು."

ಮಾರ್ಚ್ 28

ಡೆಸ್ ಮಲಗಿದ್ದಾಗ ಬುಡಕ್ಕೆ ಕತ್ತರಿಸಿದೆ. ಒಂದು ತಿಂಗಳ ಮಟ್ಟಿಗಾದರೂ ಅವನ ಹಸಿವು ಅದರಲ್ಲಿತ್ತು. ತೋಟದ ಕಸದ ಬಿನ್ನಿಗೆ ತುಂಬಿ ಮುಚ್ಚಳದ ಮೇಲೆ ಕೈಯೂರಿ ನಿಂತೆ. ನನ್ನ ಎರಡು ಗಿಡ ಇದ್ದಿದ್ದರೆ ಶೆಡ್ಡಿನ ಆ ಬದಿಯಲ್ಲಿ ಇರುತ್ತಿದ್ದವು. ದೂರ. ಬಿಸಿಲಿನಲ್ಲಿ.

ಮಾರ್ಚ್ 29, ಬೆಳಿಗ್ಗೆ 7

ಏಳಕ್ಕೆ ಕೇಳಿದ. "ಹೋಗಿಬಾ."

ಹೋದೆ. ಎರಡು ಕೂಳೆಗಳ ಮುಂದೆ ಐದು ನಿಮಿಷ ನಿಂತೆ. ಒಳಗೆ ಬಂದು, ಕೆಳಗಿನ ಎಲೆಗಳು ಹಳದಿಯಾಗ್ತಿವೆ ಅಂದೆ. ಏನೂ ತಪ್ಪಿಲ್ಲ ಅಂದರೆ ನಂಬುವುದಿಲ್ಲವಲ್ಲ.

"ಅಂಚಿಂದಾನಾ?"

"ಪೂರ್ತಿ ಎಲೆ ಒಟ್ಟಿಗೆ. ನಿಧಾನಕ್ಕೆ."

"ಸರಿ ಇದೆ. ಕೊನೇಲಿ ಹಾಗೇ ಆಗ್ಬೇಕು. ಎಲೆಯಲ್ಲಿರೋದನ್ನೆಲ್ಲ ಗಿಡವೇ ಹೀರ್ಕೊಂಡು ಹೂವಿಗೆ ಕೊಡುತ್ತೆ. ಈಗ ಏನೂ ಹಾಕೋಕೆ ಹೋಗ್ಬೇಡ. ಸುಮ್ನೆ ಬಿಡು."

ಬಚ್ಚಲಿನಲ್ಲಿ ನಲ್ಲಿ ತಿರುಗಿಸಿಕೊಂಡು ಅತ್ತೆ.

ಏಪ್ರಿಲ್ 1

ಬೆಣ್ಣೆ ಮುಗಿಯಿತು. ಡಬ್ಬಿಯನ್ನು ಬೆರಳಿನಿಂದ ಬಳಿದು ಟೋಸ್ಟಿಗೆ ಒರೆಸಿದೆ. "ಇನ್ನು ಎರಡು ವಾರ ತಾನೇ, ತಡ್ಕೋತೀನಿ" ಅಂದ.

ಏಪ್ರಿಲ್ 4, ಮಧ್ಯಾಹ್ನ

ಮೂರು ದಿನದಿಂದ ಹೊಟ್ಟೆಯಲ್ಲಿ ಏನೂ ನಿಂತಿಲ್ಲ. ಡಾಕ್ಟರ ಹನಿ ಮತ್ತೆ ಕೊಟ್ಟೆ. ಅದೂ ಹೊರಗೆ.

"ಆ ಪುಸ್ತಕದಲ್ಲಿ ಏನು ಬರೀತೀಯ?"

"ಗಿಡದ ರಿಪೋರ್ಟ್."

"ಓದು."

"ನಿಂಗೆ ಅರ್ಥ ಆಗಲ್ಲ ಡೆಸ್."

"ಪರವಾಗಿಲ್ಲ. ನಿನ್ನ ದನಿ ಕೇಳ್ತೀನಿ. ಓದು."

ಪುಟ ತೆರೆದೆ. ಮಾರ್ಚ್ 27. ಬೇಕೆಂದೇ ತೆರೆದೆನೋ, ಕೈ ತಾನಾಗಿ ಹೋಯಿತೋ ತಿಳಿಯದು. ಕನ್ನಡದಲ್ಲಿ ಗಟ್ಟಿಯಾಗಿ ಓದಿದೆ. ಕಣ್ಣು ಮುಚ್ಚಿ ಕೇಳುತ್ತಿದ್ದ.

"ಅದರಲ್ಲಿ ಮಿಲ್ಕಾ ಯಾಕೆ ಬಂದ್ಲು?"

ನಿಲ್ಲಿಸಿದೆ.

"ಅವಳ ದ್ರಾಕ್ಷಿಗೆ ಬರೋ ಬೂದು ಬೂಸ್ಟು" ಅಂದ. ಕೇಳಲಿಲ್ಲ, ಹೇಳಿದ. "ವಾಸನೆ ನಿಂತು ಒಂದು ವಾರ ಆಯ್ತು, ವಸ್."

"ಗೊತ್ತಿದ್ದೂ ದಿನಾ ಯಾಕೆ ಕೇಳ್ದೆ?"

"ನೀನು ಬಂದು ಹೇಳ್ತಿದ್ಯಲ್ಲ. ಅದಕ್ಕೆ." ಕಣ್ಣು ತೆರೆದ. "ಮೊದಲ ಎಲೆ ಯಾವತ್ತು?"

"ಹತ್ತೊಂಬತ್ತು."

ಮನಸ್ಸಿನಲ್ಲೇ ಲೆಕ್ಕ ಹಾಕಿದ. ಸ್ಕ್ಯಾನಿನ ದಿನವೆಂದು ತಿಳಿಯಿತು. "ಅವತ್ತು ಹೇಳಿದ್ರೆ ಉಳೀತಿತ್ತು" ಅಂದ. ಬೈಯಲಿಲ್ಲ. ನರ್ಸರಿಯಲ್ಲಿ ತಡವಾಗಿ ಬಂದವರಿಗೆ ಹೇಳುತ್ತಿದ್ದ ದನಿ. ಆಮೇಲೆ ಗೋಡೆಯ ಕಡೆ ತಿರುಗಿದ. ನಾನು ಬೆನ್ನಿನ ಮೇಲೆ ಕೈಯಿಟ್ಟೆ. ತೆಗೆ ಅನ್ನಲಿಲ್ಲ.

ಏಪ್ರಿಲ್ 8

ನರ್ಸ್ ದಿನಕ್ಕೆರಡು ಸಲ ಬರುತ್ತಾಳೆ. ಮಿಲ್ಕಾ ಸೂಪ್ ತಂದಿಟ್ಟು ಹೋಗುತ್ತಾರೆ. ಅದನ್ನು ನಾನು ಕುಡಿಯುತ್ತೇನೆ. ಡೆಸ್ ತುಟಿಗೆ ಒದ್ದೆ ಹತ್ತಿ ಮಾತ್ರ. ನಿನ್ನೆಯಿಂದ ಮಾತಿಲ್ಲ. ಪಾದ ನೋಡುತ್ತಿರಿ, ಕೊನೆಯಲ್ಲಿ ಬಣ್ಣ ಅಲ್ಲಿಂದ ಬದಲಾಗುತ್ತದೆ ಅಂದಳು ನರ್ಸ್.

ಏಪ್ರಿಲ್ 9, ಬೆಳಿಗ್ಗೆ 7

ಕೇಳಲಿಲ್ಲ. ಆದರೂ ಹೋಗಿಬಂದೆ. ಚಳಿ ಶುರುವಾಗಿ ವರ್ಷದ ಮೊದಲ ಇಬ್ಬನಿ ಹೆಪ್ಪುಗಟ್ಟಿದೆ. ಕೂಳೆಗಳು ಬಿಳಿ. ಚಿಗುರಿಲ್ಲ. ಕಿವಿಯ ಹತ್ತಿರ ಬಾಗಿ ಎಲ್ಲವನ್ನೂ ಇದ್ದ ಹಾಗೇ ಹೇಳಿದೆ. ರೆಪ್ಪೆ ಅಲುಗಿತು. ಅಲುಗಿತು ಅನ್ನಿಸಿತು.

7.40

ಪಾದ ನೋಡಿದೆ. ಬಣ್ಣ ಬದಲಾಗಿದೆ. ನಡುವಿನಿಂದಲ್ಲ ಡೆಸ್, ಅಂಚಿನಿಂದ. ಉಗುರಿನ ಬುಡದಿಂದ ಮೇಲಕ್ಕೆ. ಎರಡೂ ಕಾಲು. ನರ್ಸ್ ಒಂಬತ್ತಕ್ಕೆ ಬರುತ್ತಾಳೆ. ಫೋನ್ ಮಾಡಿದೆ, ಬೇಗ ಬರುತ್ತೇನೆ ಅಂದಳು. ಹೀಟರ್ ಹಾಕಲಾ, ಇನ್ನೊಂದು ಹೊದಿಕೆ ಹೊದಿಸಲಾ ಅಂತ ಎದ್ದೆ. ಮತ್ತೆ ಕೂತೆ. ಏನೂ ಹಾಕಬೇಡ ಅಂದಿದ್ದೆಯಲ್ಲ. ಸುಮ್ಮನೆ ಬಿಡು ಅಂದಿದ್ದೆ.

8.05

ಕೈ ಇನ್ನೂ ಬೆಚ್ಚಗಿದೆ. ಹಿಡಿದುಕೊಂಡೇ ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟ. ಬೆರಳ ತುದಿಯಲ್ಲೂ ಈಗ ಅಂಚಿನಿಂದ ಬಣ್ಣ…