ಮೂರನೆಯ ಮಾತು

ಮರ್ಫಿ ಟೌನ್
ಗರಿಗಳ ಭಾನುವಾರ

ಸಭಾಪಾಲಕರಾದ ಅಯ್ಯನವರಿಗೆ ಕರ್ತನಲ್ಲಿ ವಂದನೆಗಳು.

ಶುಭ ಶುಕ್ರವಾರದ ಪಟ್ಟಿ ನೋಡಿದೆ. ಶಿಲುಬೆಯ ಏಳು ಮಾತುಗಳಲ್ಲಿ ಮೂರನೆಯದರ ಮೇಲೆ, ಅಂದರೆ ಯೇಸು ತನ್ನ ತಾಯಿಯನ್ನು ಶಿಷ್ಯನಿಗೆ ಒಪ್ಪಿಸಿದ ಮಾತಿನ ಮೇಲೆ, ಹನ್ನೊಂದು ವರ್ಷದಿಂದ ನಾನೇ ಧ್ಯಾನ ಹೇಳುತ್ತಾ ಬಂದಿದ್ದೇನೆ. ಈ ಸಲ ಅದನ್ನು ನನ್ನ ಬೀಗಿತ್ತಿ ಎಸ್ತರಮ್ಮನವರಿಗೆ ಕೊಟ್ಟಿದ್ದೀರಿ. ಸಂತೋಷ. ಅವರ ದನಿ ಮೈಕಿಲ್ಲದೆಯೂ ಕೇಳಿಸುತ್ತದೆ.

ಒಂದು ಸಂಗತಿ ಮಾತ್ರ ಅವರಿಗೆ ನೆನಪಿಸಿ. ಸತ್ಯವೇದದಲ್ಲಿ ಶಿಷ್ಯನು ಆ ತಾಯಿಯನ್ನು ತನ್ನ ಮನೆಗೆ ಕರೆದುಕೊಂಡು ಹೋದ. ಇವರು ಮಗಳ ಮದುವೆಯಾದ ತಿಂಗಳಿಗೇ ನನ್ನ ಮಗನನ್ನು ಕೆ.ಆರ್. ಪುರದ ತಮ್ಮ ಮನೆಗೆ ಕರೆದುಕೊಂಡು ಹೋದರು.

ಜೋಯಲ್ ಪ್ರತಿ ವರ್ಷ ಈ ದಿನ ಚರ್ಚಿನಲ್ಲಿ ಹಂಚುವ ತೆಂಗಿನ ಗರಿಯಲ್ಲಿ ಶಿಲುಬೆ ಹೆಣೆದು ಮೊದಲು ನನ್ನ ಕೈಗೆ ಕೊಡುತ್ತಿದ್ದ. ಇವತ್ತು ಅತ್ತೆಯ ಕೈಗೆ ಕೊಟ್ಟ. ನನ್ನನ್ನು ನೋಡಿ, “ನಿಂಗೂ ಒಂದ್ ಮಾಡ್ಕೊಡ್ತೀನಮ್ಮ, ಇರು” ಅಂದ. ಚರ್ಚಿನ ಗೇಟು ಮುಚ್ಚುವ ತನಕ ಇದ್ದೆ.

ಈಸ್ಟರ್ ಮುಂಜಾನೆಯ ಲಿಲ್ಲಿ ಹೂವಿನ ಕಾಣಿಕೆ ಎಂದಿನಂತೆ ನನ್ನದೇ. ಅದನ್ನೂ ಬೇರೆಯವರ ಹೆಸರಿಗೆ ಬರೆಯಬೇಡಿ.

ನನಗೆ ಕೊಟ್ಟಿರುವ ಮೊದಲನೆಯ ಮಾತನ್ನು, ಇವರನ್ನು ಕ್ಷಮಿಸು ಎಂದು ಯೇಸು ತಂದೆಯನ್ನು ಬೇಡಿದ ಮಾತನ್ನು, ದಯವಿಟ್ಟು ಬೇರೆ ಯಾರಿಗಾದರೂ ಕೊಡಿ. ಶುಕ್ರವಾರದೊಳಗೆ ಅದು ನನ್ನಿಂದಾಗುವುದಿಲ್ಲ.

ಇಂತಿ,
ರತ್ನಾವತಿ ಸಾಮ್ಯುವೆಲ್
ಜೋಯಲ್‌ನ ತಾಯಿ