ಅರಿಶಿನದ ಹಿಡಿಯಕ್ಕಿ

ಫರೀದಾಬಾದ್
೧೨ ಜನವರಿ ೨೦೨೬, ಸೋಮವಾರ

ಪ್ರೀತಿಯ ಹರ್ಷಿಣಿಗೆ, ಅಮ್ಮನ ಮುತ್ತುಗಳು.

ಕನ್ನಡ ಓದೋಕೆ ಟೈಮ್ ಹಿಡಿಯುತ್ತೆ ಎಂದು ಗೊಣಗಬೇಡ. ಅಕ್ಷರ ಕೂಡಿಸಿಕೊಂಡಾದರೂ ಓದು. ಫೋನಿನಲ್ಲಿ ನಿನ್ನ ದನಿ ಕೇಳಿದರೆ ನನಗೆ ಮೊದಲು ಸಿಟ್ಟು ಬರುತ್ತದೋ ಅಳು ಬರುತ್ತದೋ ಹೇಳಲಾರೆ.

ಇಲ್ಲಿ ಮಂಜು ಕವಿದಿದೆ. ಎದುರಿನ ಫ್ಯಾಕ್ಟರಿಯ ಗೋಡೆಯೂ ಕರಗಿಹೋಗಿದೆ. ಬೆಳಿಗ್ಗೆ ಅಡುಗೆಮನೆಯಲ್ಲಿ ನಿಂತರೆ ಯಾವ ಊರಿನಲ್ಲಿದ್ದೇನೆ ಎಂಬುದೇ ಮರೆಯುತ್ತದೆ. ಅಕ್ಕಿ ತೊಳೆಯುವ ಮುಂಚೆ ಒಂದು ಹಿಡಿ ತೆಗೆದು ಚರ್ಚಿಗೆ ಕೊಡುವ ಡಬ್ಬಿಗೆ ಹಾಕುವುದನ್ನು ಮಾತ್ರ ಕೈ ಮರೆಯುವುದಿಲ್ಲ. ಹಾಕುವಾಗ ಒಬ್ಬರ ಹೆಸರು ಹೇಳಿ ಪ್ರಾರ್ಥಿಸಬೇಕು, ನಿನಗೂ ಕಲಿಸಿದ್ದೆನಲ್ಲ. ನೀನು ಹೃಷಿಕೇಶನನ್ನು ಮದುವೆಯಾದ ದಿನ ನಾನು ಮನೆಯ ಬಾಗಿಲು ಹಾಕಿಕೊಂಡು ಕುಳಿತೆ. ಅಂದಿನಿಂದ ನಿನ್ನೊಬ್ಬಳನ್ನು ಬಿಟ್ಟು ಎಲ್ಲರ ಹೆಸರೂ ಹೇಳಿದ್ದೇನೆ. ಕೆಳಮನೆಯ ಬೆಕ್ಕಿಗೂ ಪ್ರಾರ್ಥನೆ ಸಿಕ್ಕಿದೆ.

ನಿನ್ನೆ ಹಿಂದಿಯವರ ಆರಾಧನೆ ಮುಗಿದು ಚರ್ಚು ನಮ್ಮ ಕನ್ನಡ ಸಭೆಯ ಪಾಲಿಗೆ ಬಂದಾಗ, ಬಾಗಿಲಲ್ಲಿ ನಿನ್ನ ಗಂಡ ನಿಂತಿದ್ದ. ಮಂಕಿ ಕ್ಯಾಪು, ಕೈಯಲ್ಲಿ ಬಟ್ಟೆಯ ಚೀಲ. ಹರ್ಷಿಣಿಗೆ ಬರೋಕೆ ಭಯ ಆಂಟಿ, ದಿನಾ ತೆಗೆದಿಟ್ಟ ಅಕ್ಕಿ ಕಳಿಸಿದ್ದಾಳೆ ಎಂದ. ನಾನು ಚೀಲ ತೆಗೆದುಕೊಂಡು ಮುಖ ತಿರುಗಿಸಿದೆ. ಅಚ್ಛಾ, ನಾನು ಹೊರಡ್ತೀನಿ ಎಂದು ಮಂಜಿನೊಳಗೆ ಹೋಗಿಬಿಟ್ಟ.

ಆರಾಧನೆಯ ನಂತರದ ಪ್ರೀತಿಭೋಜನದ ಅಡುಗೆಗೆಂದು ನಮ್ಮ ಸಭೆಯ ಸಲೋಮಿ ಚೀಲ ಬಿಚ್ಚಿದರೆ ಅಕ್ಕಿಯೆಲ್ಲ ಹಳದಿ. ದೇವರಿಗೆ ಹೋಗುವ ಅಕ್ಕಿ ಬೆಳ್ಳಗಿರಬಾರದೆಂದು ನಿನ್ನ ಮಹಾರಾಯ ಅಷ್ಟಕ್ಕೂ ಅರಿಶಿನ ಹಚ್ಚಿ ಅಕ್ಷತೆ ಮಾಡಿಬಿಟ್ಟಿದ್ದಾನೆ. ಹೆಂಗಸರೆಲ್ಲ ಚೀಲದ ಸುತ್ತ ನೆರೆದರು. ಇದು ಪೂಜೆಯದು, ವಾಪಸ್ ಕಳಿಸಿ ಎಂದು ಒಬ್ಬರು ಪಿಸುಗುಟ್ಟಿದರು.

ಮೈಯೆಲ್ಲ ಉರಿದುಹೋಯಿತು ಕಣೇ. ಉರಿದದ್ದು ಅವನ ಮೇಲಲ್ಲ, ನನ್ನ ಮೇಲೇ. ನಾನು ಮುಖ ಕೊಟ್ಟು ಮಾತಾಡಿಸದವನು ನನ್ನ ದೇವರಿಗೆ ತನಗೆ ಗೊತ್ತಿದ್ದ ಮರ್ಯಾದೆಯನ್ನೆಲ್ಲ ಕೊಟ್ಟು ಹೋಗಿದ್ದ. ಇದಕ್ಕೆ ಒಗ್ಗರಣೆ ಹಾಕಿ, ನಿಂಬೆ ಹಿಂಡಿ ಚಿತ್ರಾನ್ನ ಮಾಡುತ್ತೇನೆ, ಬೇಡವಾದವರು ಉಪ್ಪಿನಕಾಯಿ ನೆಕ್ಕಲಿ ಎಂದೆ. ಪಾದ್ರಿ ಅಯ್ಯನವರು ಪ್ರಾರ್ಥನೆ ಮುಗಿಸಿ ಮೊದಲ ತಟ್ಟೆ ಹಿಡಿದು ಬಂದರು. ಪಿಸುಗುಟ್ಟಿದಾಕೆಯೂ ಎರಡನೆಯ ಸಲ ಬಡಿಸಿಕೊಂಡಳು.

ಅಷ್ಟರಲ್ಲಿ ಮಂಜು ಸ್ವಲ್ಪ ಸರಿದು ಬಣ್ಣದ ಗಾಜಿನಿಂದ ಬಿಸಿಲು ಇಳಿಯಿತು. ಎಲ್ಲರ ಬೆರಳೂ ಹಳದಿ, ಎಲ್ಲರ ಬಾಯಲ್ಲೂ ನಗು, ಎಲ್ಲಿಂದಲೋ ಹಾಡು. ನಾನು ಸೌಟು ಹಿಡಿದು ನಿದ್ದೆಗಣ್ಣಿನವಳ ಹಾಗೆ ನಿಂತೇ ಇದ್ದೆ. ಮದುವೆಮನೆಯ ಹಾಗಿತ್ತು. ನಾನು ಹೋಗದೇ ಇದ್ದ ಮದುವೆ. ಮಗಳೇ, ನಿನ್ನನ್ನು ನೋಡದೆ ನನ್ನಿಂದ ಇನ್ನು ಆಗುವುದಿಲ್ಲ.

ಇವತ್ತು ಹಿಡಿಯಕ್ಕಿ ಹಾಕುವಾಗ ನಿನ್ನ ಹೆಸರು ಹೇಳಿದೆ. ಅವನದೂ ಹೇಳಿದೆ. ಹೃಷಿಕೇಶ ಎನ್ನುವಷ್ಟರಲ್ಲಿ ನಾಲಿಗೆ ಎಡವುತ್ತದೆ, ಮನೆಯಲ್ಲಿ ಅವನನ್ನು ಏನೆಂದು ಕರೆಯುತ್ತೀ ಬರೆ.

ನಿನ್ನ ದಾರಿ ನೋಡುತ್ತಿರುವ
ಅಮ್ಮ

ತಾ.ಕ.: ಅಕ್ಕಿಯನ್ನೆಲ್ಲ ಬೇಯಿಸಲಿಲ್ಲ. ಒಂದು ಹಿಡಿಯನ್ನು ಸೆರಗಿಗೆ ಗಂಟು ಹಾಕಿಕೊಂಡು ಮನೆಗೆ ತಂದಿದ್ದೇನೆ. ಭಾನುವಾರ ಇಬ್ಬರೂ ಬನ್ನಿ. ಬಾಗಿಲಲ್ಲೇ ಅವನ ಮಂಕಿ ಕ್ಯಾಪು ತೆಗೆಸು, ಮದುವೆಯ ದಿನ ನಿಮ್ಮ ತಲೆಯ ಮೇಲೆ ಹಾಕಬೇಕಿದ್ದದ್ದನ್ನು ಹಾಕಬೇಕು.