ಅವಳದೇ ರಕ್ತ

ಆಗಸ್ಟ್ 4, ಬೆಳಗ್ಗೆ

ಇವತ್ತೂ ಕುಕ್ಕರ್ ಕಾಣೆ. ಹುಡುಕುವ ಕೆಲಸವಿಲ್ಲ, ಆಸ್ಪತ್ರೆಯ ಸ್ಟವ್ ಮೇಲಿರುತ್ತದೆ. ಅಲ್ಲಿನ ಸ್ಟೆರಿಲೈಸರ್ ಕೆಟ್ಟಾಗಿನಿಂದ ಮಗಳು ನನ್ನ ಕುಕ್ಕರಿನಲ್ಲಿ ಕತ್ತರಿ, ಇಕ್ಕಳ ಬೇಯಿಸುತ್ತಾಳೆ. ಕ್ವಾರ್ಟರ್ಸಿಗೂ ಆಸ್ಪತ್ರೆಗೂ ನಡುವೆ ಒಂದೇ ಬಾಗಿಲು. ಯಾವ ಪಾತ್ರೆ ಯಾರದು ಎನ್ನುವ ಲೆಕ್ಕವೇ ಇಲ್ಲ.

ಆಸ್ಪತ್ರೆ ಅಂದರೆ ನಾಲ್ಕು ಕೋಣೆ. ಡಾಕ್ಟರ್ ಎಂದರೆ ನನ್ನ ಮಗಳು, ಒಬ್ಬ ಸಿಸ್ಟರ್, ಒಂದು ಆಂಬುಲೆನ್ಸ್, ಅದಕ್ಕೊಬ್ಬ ಡ್ರೈವರ್. ದೊಡ್ಡಾಸ್ಪತ್ರೆ ಬೆಟ್ಟದ ಆಚೆ.

ನಾನು ಬಂದದ್ದು ಅವಳನ್ನು ಇಲ್ಲಿಂದ ಹೊರಡಿಸಲು. ಸಿಟಿಗೆ ಹೋಗಿ ಚರ್ಮದ ಡಾಕ್ಟರ್ ಆಗಲಿ, ಹೊತ್ತಿಗೆ ಸರಿಯಾಗಿ ಉಣ್ಣಲಿ, ಮಲಗಲಿ. ಹೇಳಲು ಬಾಯಿ ತೆಗೆದಾಗಲೆಲ್ಲ ಯಾರೋ ಬಾಗಿಲು ತಟ್ಟುತ್ತಾರೆ.

ಆಗಸ್ಟ್ 6

ಗುಡ್ಡ ಕುಸಿದು ರಸ್ತೆ ಮುಚ್ಚಿದೆ. ಡ್ರೈವರ್ ಆಂಬುಲೆನ್ಸ್ ತೊಳೆದ. ನಿನ್ನೆಯೂ ತೊಳೆದಿದ್ದ.

"ಗಾಡಿ ಸವೆದು ಹೋಗುತ್ತೆ ಕಣಪ್ಪಾ" ಅಂದೆ.

"ಸುಮ್ನೆ ಕೂತ್ರೆ ಕೈ ತುರಿಸುತ್ತೆ ಅಮ್ಮಾ."

ಆಮೇಲೆ ಹತ್ತಿರ ಬಂದು, ಹೆಂಡತಿ ಬಸುರಿ ಇರಬಹುದು ಅಂದ. ಯಾರಿಗೂ ಹೇಳಬೇಡಿ ಅಂದ. ಸಿಸ್ಟರಿಗೂ ಹೀಗೇ ಗುಟ್ಟಾಗಿ ಹೇಳಿದ್ದನಂತೆ. ಅಂಗಡಿಯವನಿಗೂ.

ಆಗಸ್ಟ್ 8, ಸಂಜೆ

ಈಗಷ್ಟೇ ಕೂತು ಬರೆಯುತ್ತಿದ್ದೇನೆ.

ಬೆಳಗ್ಗೆ ಡ್ರೈವರ್ ಹೆಂಡತಿಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಬಂದ. ಹೊಟ್ಟೆ ನೋವು ಎಂದವಳು ಅಲ್ಲೇ ಕುಸಿದಳಂತೆ. ಮುಖ ಬಿಳಿಚಿತ್ತು. ತುಟಿಯಲ್ಲೂ ಬಣ್ಣವಿಲ್ಲ. ಮಗಳು ಹೊಟ್ಟೆ ಮುಟ್ಟಿ ನೋಡಿದಳು, ಅಲ್ಲೇ ಸೂಜಿ ಚುಚ್ಚಿ ಎಳೆದಳು. ರಕ್ತ ಬಂತು.

"ಗರ್ಭ ಟ್ಯೂಬಲ್ಲಿ ಕಚ್ಚಿಕೊಂಡಿದೆ. ಟ್ಯೂಬ್ ಒಡೆದಿದೆ. ಈಗ್ಲೇ ಆಪರೇಷನ್ ಆಗ್ಬೇಕು."

"ಗಾಡಿ ತೆಗೀಲಾ ಡಾಕ್ಟ್ರೇ?" ಡ್ರೈವರ್ ಕೇಳಿದ. ರಸ್ತೆ ಇಲ್ಲವೆಂದು ಅವನಿಗಿಂತ ಚೆನ್ನಾಗಿ ಗೊತ್ತಿದ್ದವರು ಯಾರು… ಆದರೂ ಕೇಳಿದ.

ದೊಡ್ಡಾಸ್ಪತ್ರೆಗೆ ಫೋನ್. ಮಂಜು ಕವಿದಿದೆ, ಹೆಲಿಕಾಪ್ಟರ್ ಏರುವುದಿಲ್ಲ. ಹಿರಿಯ ಸರ್ಜನ್ ಲೈನಿಗೆ ಬಂದರು. ಸ್ಪೀಕರಿನಲ್ಲಿ ಎಲ್ಲರಿಗೂ ಕೇಳಿಸುತ್ತಿತ್ತು.

"ಮೊದ್ಲು ಮಾಡಿದ್ದೀಯೇನಮ್ಮಾ?"

"ಅಸಿಸ್ಟ್ ಮಾಡಿದ್ದೀನಿ ಸರ್."

"ಒಬ್ಳೇ?"

"ಇಲ್ಲ."

"ರಕ್ತ ಎಲ್ಲಿಂದ ತರ್ತೀಯಾ?"

"ಹೊಟ್ಟೇಲಿರೋದನ್ನೇ ಸೋಸಿ ಅವಳಿಗೇ ವಾಪಸ್ ಕೊಡ್ತೀನಿ ಸರ್. ಈಗಷ್ಟೇ ಸೋರಿರೋದು, ಕೆಟ್ಟಿಲ್ಲ."

ಆ ಕಡೆಯಿಂದ ಒಂದೇ ಮಾತು: "ಮಾಡು." ಅಷ್ಟರಲ್ಲಿ ಲೈನ್ ಕಟ್ಟಾಯಿತು.

ನನ್ನ ಕಡೆ ತಿರುಗಿದಳು. "ಅಮ್ಮಾ, ಸ್ಟೀಲ್ ಸೌಟು ಕುಕ್ಕರಲ್ಲಿ ಬೇಯಿಸಿ ಕೊಡು, ಆಳವಾಗಿರೋದು. ನೀನೂ ಕೈ ತೊಳ್ಕೊಂಡು ಬಾ."

ಕರೆಂಟ್ ಇಲ್ಲ. ಒಂದು ಕೈಗೆ ಟಾರ್ಚ್ ಕೊಟ್ಟಳು. ಇನ್ನೊಂದು ಕೈಯ ಬೆರಳುಗಳನ್ನು ಆ ಹುಡುಗಿಯ ಕುತ್ತಿಗೆಯ ಪಕ್ಕ ಇಡಿಸಿದಳು, ನಾಡಿ ಸಿಗುವ ಜಾಗದಲ್ಲಿ. ನಿದ್ದೆಯ ಇಂಜೆಕ್ಷನ್ ಕೊಟ್ಟು, ಹೊಟ್ಟೆ ತೆರೆದಳು. ರಕ್ತ ಅಂಚಿನವರೆಗೆ ತುಂಬಿತ್ತು.

"ಅಯ್ಯೋ, ಇಷ್ಟೊಂದಾ—"

"ಮಾತು ಬೇಡ ಅಮ್ಮಾ. ಬೆಳಕು ಎಡಕ್ಕೆ."

ಹೆಡ್‌ಮಿಸ್ಟ್ರೆಸ್ ಆಗಿ ಇಡೀ ಶಾಲೆಯ ಬಾಯಿ ಮುಚ್ಚಿಸಿದವಳು ನಾನು. ಬಾಯಿ ಮುಚ್ಚಿದೆ. ಬೆಳಕು ಎಡಕ್ಕೆ.

ಮಗಳು ಕೈ ಒಳಗಿಟ್ಟು, ಕಣ್ಣಿಗೆ ಕಾಣದ್ದನ್ನು ಬೆರಳಲ್ಲೇ ಹುಡುಕಿದಳು. ಇಕ್ಕಳ ಹಾಕಿದಳು. "ಸಿಕ್ತು. ಸೋರೋದು ನಿಂತಿದೆ." ಆಮೇಲೆ ನನ್ನ ಸೌಟು… ಮಗಳು ಮೊಗೆದಳು, ಸಿಸ್ಟರ್ ಮಡಿಸಿದ ಗಾಜ್ ಬಟ್ಟೆಯಲ್ಲಿ ಸೋಸಿ, ಹೆಪ್ಪುಗಟ್ಟದ ಹಾಗೆ ಮದ್ದು ಬೆರೆಸಿದ ಬಾಟಲಿಗೆ ತುಂಬಿದಳು. ಬಾಟಲಿ ಮೇಲೆ ಹೋಯಿತು. ಅವಳದೇ ರಕ್ತ ಅವಳ ತೋಳಿಗೆ ಇಳಿಯತೊಡಗಿತು.

"ನಾಡಿ ಸಿಗ್ತಿದೆಯಾ ಅಮ್ಮಾ?"

"ಇಲ್ಲ… ಇದೆ. ದಾರದಷ್ಟು."

ಇನ್ನೊಂದು ಬಾಟಲಿ.

"ಈಗ?"

ಬೆರಳ ಕೆಳಗೆ ಏನೋ ಒದೆಯಿತು. ಮತ್ತೆ ಒದೆಯಿತು, ಗಟ್ಟಿಯಾಗಿ. ಹೌದೆಂದು ತಲೆ ಆಡಿಸಿದೆ. ಮಗಳು ಮಾಸ್ಕಿನ ಮೇಲಿಂದ ನನ್ನನ್ನೇ ನೋಡಿದಳು.

ಹೊಲಿಗೆ ಮುಗಿಸಿ ಹೊರಗೆ ಬಂದಾಗ ಡ್ರೈವರ್ ಮೆಟ್ಟಿಲ ಮೇಲೆ ಕೂತಿದ್ದ. ಮಗಳು ಅವನ ಪಕ್ಕದಲ್ಲೇ ಕೂತು ಹೇಳಿದಳು. "ನಿಮ್ಮ ಮನೆಯವ್ರು ಉಳಿದ್ರು ಅಣ್ಣಾ. ಗರ್ಭ ಉಳಿಯೋ ಹಾಗಿರಲಿಲ್ಲ. ಇನ್ನೊಂದು ಟ್ಯೂಬ್ ಚೆನ್ನಾಗಿದೆ." ಅವನು ಕೈ ಮುಗಿದ. ಎದ್ದು ಹೋಗಿ, ಆಂಬುಲೆನ್ಸಿನ ಬಾಗಿಲು ಹಾಕಿಕೊಂಡು ಅತ್ತ.

ಆಗಸ್ಟ್ 9

ಹುಡುಗಿ ನೀರು ಕೇಳಿದಳು. ಗಂಡನಿಗೆ, "ಶರ್ಟಿನ ಗುಂಡಿ ನೆಟ್ಟಗೆ ಹಾಕ್ಕೊಳ್ಳೋಕೂ ಬರಲ್ವಾ?" ಅಂದಳು. ಮತ್ತೆ ಮುಖ ಆಚೆ ತಿರುಗಿಸಿ ಬಹಳ ಹೊತ್ತು ಅತ್ತಳು. ಪಕ್ಕದಲ್ಲಿ ಕೂತೆ. ತಲೆ ಸವರಿದೆ.

ಮಗಳು ಕುರ್ಚಿಯಲ್ಲೇ ಬಾಯಿ ಬಿಟ್ಟುಕೊಂಡು ಮಲಗಿದ್ದಾಳೆ. ಎಬ್ಬಿಸುವವರು ಮೊದಲು ನನ್ನನ್ನು ದಾಟಬೇಕು. ಚರ್ಮದ ಡಾಕ್ಟರ್ ಮಾತು ಇನ್ನು ಎತ್ತುವುದಿಲ್ಲ.

ಆಗಸ್ಟ್ 19

ರಸ್ತೆ ತೆರೆಯಿತು. ಹಿರಿಯ ಸರ್ಜನ್ ತಾವೇ ಬಂದರು. ಫೋನಿನಲ್ಲಿ ಸಿಂಹದಂತಿದ್ದವರು, ನೋಡಿದರೆ ನನ್ನ ಭುಜದಷ್ಟೇ ಎತ್ತರ. ಹುಡುಗಿಯ ಗಾಯ ನೋಡಿದರು. ಮಗಳ ಬೆನ್ನು ತಟ್ಟಿದರು, ಎರಡು ಸಲ. ಸೌಟಿನ ಫೋಟೋ ತೆಗೆದುಕೊಂಡರು. ಸಿಸ್ಟರ್ ಆ ಸೌಟನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದ್ದಾಳೆ, ವಾಪಸ್ ಕೊಡುವ ಲಕ್ಷಣವಿಲ್ಲ.

ಹೊರಡುವಾಗ ನನ್ನನ್ನು ನೋಡಿ, "ಇವರು ಸ್ಟಾಫಾ?" ಎಂದು ಕೇಳಿದರು.

ಅಲ್ಲ, ಡಾಕ್ಟರ ತಾಯಿ ಎನ್ನಲು ಎದೆಯುಬ್ಬಿಸಿ ತಯಾರಾಗಿದ್ದೆ. ಅಷ್ಟರಲ್ಲಿ ಮಗಳೇ ಅಂದಳು, "ಹೌದು ಸರ್. ಅವತ್ತು ನಾಡಿ ಹಿಡಿದಿದ್ದು ಇವರೇ."

ತಿದ್ದಬೇಕಿತ್ತು. ತಿದ್ದಲಿಲ್ಲ. ತಪ್ಪು ಕಂಡರೆ ಕೆಂಪು ಶಾಯಿ ಹುಡುಕುವವಳು ನಾನು, ಇದೊಂದನ್ನು ಮಾತ್ರ…

ಹೊರಗೆ ಯಾರೋ ಕೂಗುತ್ತಿದ್ದಾರೆ. ಮಗಳ ಚಪ್ಪಲಿ ಸದ್ದು, ಸಿಸ್ಟರದ್ದು. ನನ್ನನ್ನೂ ಕರೆ—